ಕಬ್ಬಿಣದ ಹಾದಿಯೂ ಕೈಗೆಲಸದ ಹೊಣೆಯೂ

೧

ರಾತ್ರಿಯ ರೈಲಿನಲ್ಲಿ ಪ್ರಯಾಣ ಹೊರಟವನು ತನ್ನ ಗಂಟುಮೂಟೆಗಳನ್ನು ಎಣಿಸಿಕೊಳ್ಳುತ್ತಾನೆ. ಟಿಕೀಟು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡುತ್ತಾನೆ. ಮಕ್ಕಳಿಗೆ ಮಲಗಲು ಎಡೆಮಾಡಿಕೊಟ್ಟು ಕಡೆಗೆ ತಾನೂ ನಿಶ್ಚಿಂತನಾಗಿ ಕಣ್ಣು ಮುಚ್ಚುತ್ತಾನೆ. ಇಂಜಿನ್ನನ್ನು ನಡೆಸುವ ಚಾಲಕನ ನೆನಪು ಅವನಿಗೆ ಒಂದು ವೇಳೆ ಬಂದರೂ ಬರಬಹುದು. ಸ್ಟೇಷನ್ ಮಾಸ್ತರರನ್ನು ಕಿಟಕಿಯಿಂದ ಕಂಡೂ ಇರಬಹುದು. ಆದರೆ ತಾನು ಮಲಗಿರುವ ಹಲಗೆಯ ಕೆಳಗೆ ಕತ್ತಲಿನಲ್ಲಿ ಹಿಂದು ಹಿಂದಕ್ಕೆ ಸರಿಯುತ್ತಿರುವ ಕಬ್ಬಿಣದ ಹಾದಿಯನ್ನು ಆ ದಿನ ಬೆಳಿಗ್ಗೆ ಯಾರು ನಡೆದು ನೋಡಿದರು, ಯಾವ ಬೋಲ್ಟನ್ನು ಯಾರು ಬಿಗಿದರು, ಬಿಗಿಯಬೇಕಾದುದನ್ನು ಯಾರು ಬಿಗಿಯದೆ ಬಿಟ್ಟರು ಎಂಬ ಯೋಚನೆ ಸಾವಿರ ಮಂದಿಯಲ್ಲಿ ಒಬ್ಬನಿಗೂ ಬರುವುದಿಲ್ಲ. ಆ ಕೆಲಸವು ಚೆನ್ನಾಗಿ ನಡೆದಷ್ಟೂ ಅದರ ನೆನಪು ಯಾರಿಗೂ ಬಾರದು. ಕೆಟ್ಟಾಗ ಮಾತ್ರ ಲೋಕವೆಲ್ಲ ಅದರ ಕಡೆಗೆ ತಿರುಗಿ ನೋಡುವುದು.

ರೈಲ್ವೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಇಂಜಿನ್ನುಗಳ ಬಲವನ್ನೂ ಸೇತುವೆಗಳ ಎತ್ತರವನ್ನೂ ಸುರಂಗಗಳ ಉದ್ದವನ್ನೂ ವರ್ಣಿಸಿದ್ದಾರೆ. ಹಾದಿಯನ್ನು ದಿನದಿನವೂ ಕಾಯ್ದುಕೊಂಡು ಬಂದವರ ಚರಿತ್ರೆಯಾದರೋ ಅಪಘಾತಗಳ ವಿಚಾರಣೆಯ ವರದಿಗಳಲ್ಲಿ ಮಾತ್ರ ಅಲ್ಲಲ್ಲಿ ಉಳಿದುಕೊಂಡಿದೆ. ಆ ವರದಿಗಳಿಂದ ತಿಳಿದುಬರುವ ಕೆಲವು ಸಂಗತಿಗಳನ್ನು ಕ್ರಮವಾಗಿ ಜೋಡಿಸಿ, ಹಾದಿಯ ಕೆಲಸ ಕೆಡುವುದು ಕೆಲಸಗಾರನ ಕೈಯಿಂದಲೋ ಅಥವಾ ಆ ಕೈಯನ್ನು ನಡೆಸುವ ತಲೆಯಿಂದಲೋ ಎಂಬ ಪ್ರಶ್ನೆಯನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

೨

ಮೊದಲು ಹಾದಿಯ ಸ್ವರೂಪವನ್ನು ತಿಳಿಯಬೇಕು. ನೆಲವನ್ನು ಸಮಮಾಡಿ ಒಡೆದ ಕಲ್ಲಿನ ಜಲ್ಲಿಯನ್ನು ಹರಡುತ್ತಾರೆ; ಅದರ ಮೇಲೆ ಸ್ಲೀಪರುಗಳೆಂಬ ಅಡ್ಡದಿಮ್ಮಿಗಳನ್ನು ಸಾಲಾಗಿ ಹಾಸುತ್ತಾರೆ; ಅವುಗಳ ಮೇಲೆ ಎರಡು ಕಂಬಿಗಳನ್ನು ಗೊತ್ತಾದ ಅಂತರದಲ್ಲಿ ಬಿಗಿಯುತ್ತಾರೆ. ಈ ಅಂತರವು ಇಂಗ್ಲೆಂಡಿನಲ್ಲಿ ೪ ಅಡಿ ೮½ ಅಂಗುಲ. ನಮ್ಮ ದೇಶದ ದೊಡ್ಡ ಹಾದಿಯಲ್ಲಿ ೫ ಅಡಿ ೬ ಅಂಗುಲ. ಎರಡು ಕಂಬಿಗಳ ತುದಿಗಳು ಕೂಡುವೆಡೆಯಲ್ಲಿ ಇಕ್ಕೆಲಕ್ಕೂ ಫಿಷ್‌ಪ್ಲೇಟುಗಳೆಂಬ ಕಬ್ಬಿಣದ ಪಟ್ಟಿಗಳನ್ನಿಟ್ಟು ಬೋಲ್ಟು ಹಾಕುತ್ತಾರೆ. ಗಾಡಿಯು ಒಂದು ಹಾದಿಯಿಂದ ಮತ್ತೊಂದಕ್ಕೆ ಹೊರಳಬೇಕಾದ ಕಡೆ ಪಾಯಿಂಟ್ಸುಗಳಿರುತ್ತವೆ. ಅಲ್ಲಿ ಅತ್ತಿತ್ತ ಸರಿಯುವ ಎರಡು ನಾಲಗೆಗಂಬಿಗಳನ್ನು ಅಡ್ಡಸರಳುಗಳು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ.

ನೋಡುವವರಿಗೆ ಇದು ಒಮ್ಮೆ ಕಟ್ಟಿದರೆ ಮುಗಿದುಹೋದ ವಸ್ತುವಿನಂತೆ ತೋರುತ್ತದೆ. ನಿಜವಾಗಿಯೂ ಹಾಗಿಲ್ಲ. ಒಂದೊಂದು ಗಾಡಿಯೂ ಹಾದುಹೋಗುವಾಗ ಕಂಬಿಯು ಅಣುಮಾತ್ರ ಬಗ್ಗಿ ಮತ್ತೆ ಏಳುತ್ತದೆ. ಬೋಲ್ಟು ಅಣುಮಾತ್ರ ಸಡಿಲಗೊಳ್ಳುತ್ತದೆ. ಜಲ್ಲಿಯು ಅರೆದು ಪುಡಿಯಾಗಿ ಮಳೆನೀರಿನೊಡನೆ ಕೆಸರಾಗುತ್ತದೆ. ಬಿಸಿಲಿಗೆ ಕಂಬಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಆದುದರಿಂದ ರೈಲುಹಾದಿಯು ಪ್ರತಿದಿನವೂ ಕೆಡುತ್ತಿರುವ, ಪ್ರತಿದಿನವೂ ಮತ್ತೆ ಕಟ್ಟಬೇಕಾಗಿರುವ ವಸ್ತು. ಹೊಲದ ಬದುವಿಗೂ ಕೆರೆಯ ಏರಿಗೂ ಇರುವ ನಿಯಮವೇ ಇದಕ್ಕೂ ಇದೆ. ಕಟ್ಟಿದವನ ಹೆಸರು ಶಾಸನದಲ್ಲಿ ಉಳಿದೀತು. ಏರಿಯು ಉಳಿಯುವುದು ವರ್ಷವರ್ಷವೂ ಮಣ್ಣು ಹೊತ್ತವನಿಂದ.

ಇಂಗ್ಲೆಂಡಿನಲ್ಲಿ ರೈಲ್ವೆಗಳ ಪರೀಕ್ಷೆಗೆಂದು ಸರಕಾರದ ಇನ್‌ಸ್ಪೆಕ್ಟರುಗಳನ್ನು ನೇಮಿಸುವ ಪದ್ಧತಿ ೧೮೪೦ರ ಕಾನೂನಿನಿಂದ ಆರಂಭವಾಯಿತು. ಬಹುಕಾಲದವರೆಗೆ ಇವರು ಸೈನ್ಯದ ಇಂಜಿನಿಯರ್ ದಳದಿಂದ ಬಂದ ಅಧಿಕಾರಿಗಳು. ಅಪಘಾತವಾದ ಸ್ಥಳಕ್ಕೆ ಹೋಗಿ, ಸಾಕ್ಷಿಗಳನ್ನು ವಿಚಾರಿಸಿ, ಕಾರಣವನ್ನು ಬರೆದು ಪ್ರಕಟಿಸುವುದು ಇವರ ಕೆಲಸ. ಈ ಪದ್ಧತಿ ಇಲ್ಲದಿದ್ದರೆ ಮುಂದೆ ಹೇಳುವ ಸಂಗತಿಗಳು ನಮಗೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ.

೩

೧೮೬೫ನೆಯ ಇಸವಿ ಜೂನ್ ೯, ಶುಕ್ರವಾರ. ಕೆಂಟ್ ಸೀಮೆಯ ಸ್ಟೇಪಲ್‌ಹರ್ಸ್ಟ್ ಎಂಬ ಊರಿನ ಬಳಿ ಬ್ಯೂಲ್ಟ್ ಎಂಬ ಚಿಕ್ಕ ಹೊಳೆಗೆ ಕಟ್ಟಿದ್ದ ತಗ್ಗಾದ ಸೇತುವೆಯ ಮೇಲೆ ಜಾನ್ ಬೆಂಜ್ ಎಂಬ ಮೇಸ್ತ್ರಿಯು ತನ್ನ ಆಳುಗಳೊಡನೆ ಕೆಲಸ ನಡೆಸುತ್ತಿದ್ದನು. ಕಂಬಿಗಳ ಕೆಳಗಣ ಮರದ ತೊಲೆಗಳು ಹಳತಾಗಿದ್ದುದರಿಂದ ಒಂದೊಂದಾಗಿ ತೆಗೆದು ಹೊಸವನ್ನು ಹಾಕುತ್ತಿದ್ದರು. ಗಾಡಿಗಳ ಓಡಾಟವನ್ನು ನಿಲ್ಲಿಸದೆ, ಒಂದು ಗಾಡಿ ಹೋಗಿ ಮತ್ತೊಂದು ಬರುವುದರೊಳಗಾಗಿ ಕೆಲಸ ಮುಗಿಸಬೇಕು. ಹಲವು ವಾರಗಳಿಂದ ಅವರು ಹೀಗೆಯೇ ಯಾವ ಕೇಡೂ ಇಲ್ಲದೆ ಕೆಲಸ ಮಾಡಿಕೊಂಡು ಬಂದಿದ್ದರು.

ಆ ಹಾದಿಯಲ್ಲಿ ಒಂದು ವಿಶೇಷವಾದ ಗಾಡಿ ಓಡುತ್ತಿತ್ತು. ಫ್ರಾನ್ಸಿನಿಂದ ಹಡಗಿನಲ್ಲಿ ಬಂದವರನ್ನು ಫೋಕ್‌ಸ್ಟನ್ ಬಂದರಿನಿಂದ ಲಂಡನ್ನಿಗೆ ಕರೆತರುವ ಗಾಡಿ ಅದು. ಹಡಗು ಬಂದರನ್ನು ಸೇರುವುದು ಸಮುದ್ರದ ಭರತವನ್ನು ಅನುಸರಿಸಿ; ಗಾಡಿ ಹೊರಡುವುದು ಹಡಗನ್ನು ಅನುಸರಿಸಿ. ಆದುದರಿಂದ ಅದರ ವೇಳೆ ದಿನದಿನಕ್ಕೂ ಬೇರೆಯಾಗುತ್ತಿತ್ತು. ಆ ದಿನ ಬೆಂಜನು ವೇಳಾಪಟ್ಟಿಯಲ್ಲಿ ತಪ್ಪಾದ ದಿನದ ಸಾಲನ್ನು ಓದಿಕೊಂಡನು. ಗಾಡಿಯು ಸಂಜೆ ಐದು ಗಂಟೆ ಕಳೆದ ಮೇಲೆ ಬರುವುದೆಂದು ತಿಳಿದು ಕಂಬಿಗಳನ್ನು ಬಿಚ್ಚಿಸಿದನು. ಗಾಡಿಯಾದರೋ ಮೂರು ಗಂಟೆ ಹೊಡೆದ ಸ್ವಲ್ಪ ಹೊತ್ತಿಗೇ ಬಂದುಬಿಟ್ಟಿತು. ಆಗ ಸೇತುವೆಯ ಮೇಲೆ ೪೨ ಅಡಿ ಉದ್ದಕ್ಕೆ ಕಂಬಿಯೇ ಇರಲಿಲ್ಲ.

ಕೆಂಪು ಬಾವುಟ ಹಿಡಿದವನೊಬ್ಬನು ಮುಂದೆ ನಿಂತಿದ್ದನು. ನಿಯಮದ ಪ್ರಕಾರ ಅವನು ೧,೦೦೦ ಗಜ ದೂರದಲ್ಲಿರಬೇಕು. ನಿಂತಿದ್ದುದು ೫೫೪ ಗಜದಲ್ಲಿ. ತಂತಿಕಂಬಗಳನ್ನೆಣಿಸಿ ದೂರವನ್ನು ಗೊತ್ತುಮಾಡಿಕೊಳ್ಳುವುದು ಅಲ್ಲಿಯ ರೂಢಿ. ಆ ಭಾಗದಲ್ಲಿ ಕಂಬಗಳು ವಾಡಿಕೆಗಿಂತ ಹತ್ತಿರ ಹತ್ತಿರ ಇದ್ದುವು. ಚಾಲಕನು ಬಾವುಟವನ್ನು ಕಂಡು ಬ್ರೇಕು ಹಾಕಿಸಿದರೂ ಗಾಡಿ ನಿಲ್ಲಲಿಲ್ಲ. ಬಂಡಿಗಳು ಹೊಳೆಯ ಕೆಸರಿಗೆ ಉರುಳಿದುವು. ೧೦ ಮಂದಿ ಸತ್ತರು, ೪೦ ಮಂದಿಗೆ ಗಾಯಗಳಾದುವು.

ಆ ಗಾಡಿಯ ಮುಂಭಾಗದ, ಪೂರ್ತಿಯಾಗಿ ಬೀಳದೆ ತೂಗಿ ನಿಂತ ಬಂಡಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಕುಳಿತಿದ್ದನು. ಅವನು ಹೊರಬಂದು ಟೋಪಿಯಲ್ಲಿ ನೀರು ತುಂಬಿ ತಂದು ಗಾಯಗೊಂಡವರನ್ನು ಉಪಚರಿಸಿದನು. ಆಮೇಲೆ ತೂಗುತ್ತಿದ್ದ ಬಂಡಿಗೆ ಮತ್ತೆ ಹತ್ತಿ, ತಾನು ಆಗ ಬರೆಯುತ್ತಿದ್ದ 'ಅವರ್ ಮ್ಯೂಚುವಲ್ ಫ್ರೆಂಡ್' ಎಂಬ ಕಾದಂಬರಿಯ ಹಸ್ತಪ್ರತಿಯನ್ನು ತೆಗೆದುಕೊಂಡು ಬಂದನು. ಅಂದಿನಿಂದ ರೈಲಿನ ಪ್ರಯಾಣವೆಂದರೆ ಅವನಿಗೆ ನಡುಕ. ಸರಿಯಾಗಿ ಐದು ವರ್ಷಗಳ ಮೇಲೆ, ೧೮೭೦ರ ಜೂನ್ ೯ರಂದೇ, ಅವನು ಕಾಲವಾದನು.

ಡಿಕನ್ಸನ ಕಾರಣದಿಂದ ಈ ದುರಂತವನ್ನು ಲೋಕ ನೆನಪಿನಲ್ಲಿಟ್ಟುಕೊಂಡಿದೆ. ನಮಗೆ ಇಲ್ಲಿ ಬೇಕಾದವನು ಬೆಂಜ್. ಅವನಿಗೆ ಒಂಬತ್ತು ತಿಂಗಳ ಕಠಿಣ ಸಜೆಯಾಯಿತು. ಅವನ ಮೇಲಣ ಇನ್‌ಸ್ಪೆಕ್ಟರನು ಬಿಡುಗಡೆ ಹೊಂದಿದನು. ಬೆಂಜನು ತಪ್ಪಿತಸ್ಥನೆಂಬುದರಲ್ಲಿ ಸಂದೇಹವಿಲ್ಲ. ಸೇತುವೆಯ ಕೆಲಸ ನಡೆಯುತ್ತಿದೆಯೆಂಬ ಸುದ್ದಿಯು ಗಾಡಿಯ ಚಾಲಕನಿಗೆ ಮುಂಚಿತವಾಗಿ ತಿಳಿದಿರಲಿಲ್ಲ. ಕಂಬಿಯ ಮೇಲಿಟ್ಟರೆ ಚಕ್ರ ಹತ್ತಿದೊಡನೆ ಸಿಡಿದು ಎಚ್ಚರಿಸುವ, ನಮ್ಮ ಗ್ಯಾಂಗಿನವರು ಪಟಾಕಿಯೆಂದು ಕರೆಯುವ ಸಿಡಿಗುಂಡುಗಳನ್ನು ಮಂಜು ಕವಿದಾಗ ಮಾತ್ರ ಬಳಸಿದರೆ ಸಾಕೆಂಬ ಭಾವನೆ ಅಲ್ಲಿತ್ತು. ಒಬ್ಬ ಮನುಷ್ಯನು ಒಂದು ಸಾಲನ್ನು ತಪ್ಪಾಗಿ ಓದಿದರೆ ಆ ತಪ್ಪನ್ನು ಹಿಡಿಯುವ ಎರಡನೆಯ ಕಣ್ಣು ಆ ಏರ್ಪಾಟಿನಲ್ಲಿ ಎಲ್ಲಿಯೂ ಇರಲಿಲ್ಲ. ಸಜೆಯಾದುದು ಕಣ್ಣು ತಪ್ಪಿದವನಿಗೆ. ಎರಡನೆಯ ಕಣ್ಣನ್ನು ಇಡದೆ ಹೋದವರಿಗಲ್ಲ.

೪

ಸ್ಟೇಪಲ್‌ಹರ್ಸ್ಟಿನಲ್ಲಿ ತಪ್ಪು ಬಯಲಿನಲ್ಲಿತ್ತು. ಕಂಬಿ ಇಲ್ಲದ ಸೇತುವೆಯನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. ಇನ್ನೊಂದು ಬಗೆಯ ತಪ್ಪು ಮರೆಯಲ್ಲಿರುವುದು. ಹಾದಿ ನೋಡುವುದಕ್ಕೆ ಹಾದಿಯಂತೆಯೇ ಇರುತ್ತದೆ. ಗಾಡಿಗಳು ಓಡುತ್ತಲೂ ಇರುತ್ತವೆ. ಒಳಗೆ ಮಾತ್ರ ಸತ್ತ್ವ ಹೋಗಿರುತ್ತದೆ.

೧೯೨೭ರ ಆಗಸ್ಟ್ ೨೪ರಂದು ಅದೇ ಕೆಂಟ್ ಸೀಮೆಯ ಸೆವೆನೋಕ್ಸ್ ಬಳಿ 'ರಿವರ್ ಕ್ರೇ' ಎಂಬ ಇಂಜಿನ್ನು ಎಳೆಯುತ್ತಿದ್ದ ಗಾಡಿ ಹಾದಿ ತಪ್ಪಿ, ಮೇಲ್ಸೇತುವೆಯೊಂದಕ್ಕೆ ಬಡಿದು ೧೩ ಮಂದಿ ಮೃತರಾದರು. ಜನರು ಇಂಜಿನ್ನನ್ನೇ ದೂರಿದರು. ಆ ಜಾತಿಯ ಇಂಜಿನ್ನುಗಳು ಬಹಳ ತೂಗಾಡುತ್ತವೆಂಬ ದೂರು ಮೊದಲಿಂದಲೂ ಇತ್ತು. ಆದರೆ ಅದೇ ಜಾತಿಯ ಇಂಜಿನ್ನನ್ನು ಮತ್ತೊಂದು ಕಂಪೆನಿಯ ಹಾದಿಯ ಮೇಲೆ ವೇಗವಾಗಿ ಓಡಿಸಿ ಪರೀಕ್ಷೆ ಮಾಡಿದಾಗ ಅದು ಸ್ಥಿರವಾಗಿ ಓಡಿತು. ತನ್ನ ಸ್ವಂತ ಕಂಪೆನಿಯ ಹಾದಿಯ ಮೇಲೆ ಮಾತ್ರ ತೂಗಾಡಿತು. ಅಲ್ಲಿ ಒಡೆದ ಜಲ್ಲಿಗೆ ಬದಲಾಗಿ ಸಮುದ್ರ ತೀರದ ನುಣ್ಣನೆಯ ಗುಂಡುಗಲ್ಲುಗಳನ್ನು ಹರಡಿದ್ದರು. ಗುಂಡುಗಲ್ಲು ಒಂದನ್ನೊಂದು ಕಚ್ಚಿ ಹಿಡಿಯುವುದಿಲ್ಲ. ಮಳೆ ಬಿದ್ದಾಗ ಸ್ಲೀಪರಿನ ಕೆಳಗಿನಿಂದ ಜಾರುತ್ತದೆ. ಅಗ್ಗದ ಕಲ್ಲು ದುಬಾರಿಯಾಯಿತು. ಆಮೇಲೆ ಇಂಜಿನ್ನುಗಳನ್ನೂ ಬದಲಾಯಿಸಿದರು, ಹಾದಿಯನ್ನೂ ಸರಿಪಡಿಸಿದರು.

ಇದಾದ ಹತ್ತು ವರ್ಷಕ್ಕೆ ನಮ್ಮ ದೇಶದಲ್ಲಿಯೂ ಇದಕ್ಕೆ ಹೋಲುವ ಘಟನೆ ನಡೆಯಿತು. ೧೯೩೭ರ ಜುಲೈ ೧೭ರಂದು ಪಾಟ್ನಾ ನಗರದ ಸಮೀಪದ ಬಿಹ್ಟಾ ಎಂಬಲ್ಲಿ ಪಂಜಾಬ್–ಹೌರಾ ಎಕ್ಸ್‌ಪ್ರೆಸ್ ಗಾಡಿ ಉರುಳಿ ನೂರಕ್ಕಿಂತ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿಯೂ ತೂಗಾಡುವ ಇಂಜಿನ್ನು, ಆ ತೂಗಾಟವನ್ನು ತಾಳಲಾರದ ಹಾದಿ ಎರಡೂ ವಿಚಾರಣೆಗೆ ಬಂದುವು. ಇದನ್ನು ಪರಿಶೀಲಿಸಲು ಇಂಗ್ಲೆಂಡಿನ ಮುಖ್ಯ ಇನ್‌ಸ್ಪೆಕ್ಟರಾಗಿದ್ದ ಕರ್ನಲ್ ಮೌಂಟ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಮತ್ತೊಂದು ಮುಖ್ಯವಾದ ಮಾತನ್ನೂ ಎತ್ತಿತು. ರೈಲ್ವೆಯನ್ನು ಪರೀಕ್ಷಿಸುವವನು ರೈಲ್ವೆಯ ಕೈಕೆಳಗೆ ಇರಬಾರದು ಎಂಬುದೇ ಆ ಮಾತು. ಅದರಂತೆ ೧೯೪೧ರಲ್ಲಿ ಈ ಅಧಿಕಾರಿಗಳನ್ನು ರೈಲ್ವೆ ಬೋರ್ಡಿನಿಂದ ಬೇರ್ಪಡಿಸಿದರು. ಇಂದಿಗೂ ನಮ್ಮ ರೈಲ್ವೆ ಸುರಕ್ಷಾ ಕಮಿಷನರರು ರೈಲ್ವೆ ಮಂತ್ರಿಶಾಖೆಗೆ ಸೇರದೆ ವಿಮಾನಯಾನದ ಶಾಖೆಗೆ ಸೇರಿರುವುದು ಇದರ ಫಲ.

ಮೂರನೆಯದು ೧೯೬೭ರ ನವೆಂಬರ್ ೫ರ ಭಾನುವಾರ ರಾತ್ರಿ ಲಂಡನ್ನಿನ ಹಿದರ್ ಗ್ರೀನ್ ಬಳಿ ನಡೆದ ದುರಂತ. ಸತ್ತವರು ೪೯ ಮಂದಿ. ಕಂಬಿಯ ತುದಿಯಲ್ಲಿ ಬೋಲ್ಟಿನ ತೂತಿನಿಂದ ಹೊರಟ ಬಿರುಕು ಬೆಳೆದು ಒಂದು ಮುಕ್ಕೋನದ ತುಂಡು ಮುರಿದುಹೋಗಿತ್ತು. ಮುರಿದುದು ಏಕೆ? ಆ ಕೂಡುಗಡೆಯ ಕೆಳಗಿದ್ದ ಸ್ಲೀಪರನ್ನು ಬದಲಾಯಿಸಿದವರು ಮೊದಲಿನದಕ್ಕಿಂತ ತೆಳುವಾದುದನ್ನು ಹಾಕಿದ್ದರು. ಅದರ ಅಡಿಯಲ್ಲಿ ಶುದ್ಧವಾದ ಜಲ್ಲಿಯನ್ನು ಸಾಕಷ್ಟು ತುಂಬಿರಲಿಲ್ಲ. ಆಧಾರವಿಲ್ಲದ ಕೂಡುಗಡೆಯು ಪ್ರತಿ ಗಾಲಿಗೂ ಕುಸಿದು ಎದ್ದು ಕಡೆಗೆ ಸೀಳಿತು. ಆ ಹಾದಿಯ ವೇಗದ ಮಿತಿಯನ್ನು ಆ ವರ್ಷದ ಜುಲೈ ತಿಂಗಳಲ್ಲಿಯೇ ಗಂಟೆಗೆ ೭೫ ಮೈಲಿಯಿಂದ ೯೦ ಮೈಲಿಗೆ ಏರಿಸಿದ್ದರು. ವೇಗವನ್ನು ಏರಿಸಲು ಒಂದು ಆಜ್ಞಾಪತ್ರ ಸಾಕು. ಹಾದಿಯನ್ನು ಆ ವೇಗಕ್ಕೆ ತಕ್ಕಂತೆ ಬಲಪಡಿಸಲು ಸಾವಿರಾರು ಕೈಗಳ ದುಡಿಮೆ ಬೇಕು. ಮೊದಲನೆಯದು ಆಯಿತು, ಎರಡನೆಯದು ಹಿಂದೆ ಬಿದ್ದಿತು.

೫

ಹಿದರ್ ಗ್ರೀನಿನ ಕಾಲಕ್ಕೆ ಇಂಗ್ಲೆಂಡಿನ ರೈಲ್ವೆ ಸರಕಾರದ್ದಾಗಿತ್ತು. ಮುಂದೆ ೧೯೯೪ರಿಂದ ಅದನ್ನು ಒಡೆದು ಖಾಸಗಿಯವರಿಗೆ ವಹಿಸುವ ಕಾರ್ಯ ನಡೆಯಿತು. ಹಾದಿಯು ರೈಲ್‌ಟ್ರಾಕ್ ಎಂಬ ಕಂಪೆನಿಗೆ ಹೋಯಿತು; ಗಾಡಿಗಳು ಬೇರೆ ಬೇರೆ ಕಂಪೆನಿಗಳಿಗೆ ಹೋದುವು; ಹಾದಿಯನ್ನು ಕಾಯುವ ಕೆಲಸವು ಗುತ್ತಿಗೆದಾರರ ಪಾಲಾಯಿತು. ಹೀಗೆ ಹಾದಿಯ ಒಡೆಯನೊಬ್ಬ, ಅದನ್ನು ನೋಡಿಕೊಳ್ಳುವವನೊಬ್ಬ, ಅದರ ಮೇಲೆ ಓಡುವವನೊಬ್ಬ ಎಂದಾಯಿತು.

೨೦೦೦ದ ಅಕ್ಟೋಬರ್ ೧೭ರಂದು ಲಂಡನ್ನಿನಿಂದ ಲೀಡ್ಸ್ ನಗರಕ್ಕೆ ಗಂಟೆಗೆ ೧೧೫ ಮೈಲಿ ವೇಗದಲ್ಲಿ ಹೋಗುತ್ತಿದ್ದ ಗಾಡಿಯ ಕೆಳಗೆ, ಹ್ಯಾಟ್‌ಫೀಲ್ಡ್ ಬಳಿಯ ತಿರುವಿನಲ್ಲಿ ಕಂಬಿಯು ಗಾಜಿನಂತೆ ಒಡೆದು ಮುನ್ನೂರಕ್ಕಿಂತ ಹೆಚ್ಚು ಚೂರುಗಳಾಯಿತು. ನಾಲ್ವರು ಸತ್ತರು, ೭೦ಕ್ಕಿಂತ ಹೆಚ್ಚು ಮಂದಿಗೆ ಪೆಟ್ಟಾಯಿತು. ಗಾಲಿಗಳು ಕಂಬಿಯ ಒಳಮೂಲೆಯನ್ನು ಒತ್ತಿ ಒತ್ತಿ ಉಕ್ಕಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಹುಟ್ಟುತ್ತವೆ. ಬಿಟ್ಟರೆ ಅವು ಒಳಕ್ಕೆ ಇಳಿಯುತ್ತವೆ. ಈ ರೋಗವು ಅಲ್ಲಿಯ ಕಂಬಿಗೆ ತಗುಲಿರುವುದು ತಿಂಗಳುಗಳ ಮೊದಲೇ ತಿಳಿದಿತ್ತು. ಬದಲಿಗೆ ಹಾಕಬೇಕಾದ ಹೊಸ ಕಂಬಿಗಳನ್ನು ತಂದು ಹಾದಿಯ ಪಕ್ಕದಲ್ಲಿ ಇಟ್ಟೂ ಇದ್ದರು. ಆದರೆ ಅವುಗಳನ್ನು ಜೋಡಿಸುವುದಕ್ಕೆ ಹಾದಿಗೆ ಬಿಡುವು ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಗಾಡಿಗಳ ವೇಗವನ್ನು ತಗ್ಗಿಸಬೇಕೆಂದು ಆಜ್ಞೆ ಮಾಡಿದವರೂ ಇಲ್ಲ. ಔಷಧಿಯ ಶೀಸೆಯನ್ನು ರೋಗಿಯ ತಲೆದೆಸೆಯಲ್ಲಿಟ್ಟು ಕುಡಿಸುವವರಿಲ್ಲದೆ ಹೋದಂತಾಯಿತು.

ಅದಾದ ಮೇಲೆ ಭಯವು ವಿಪರೀತಕ್ಕೆ ಹೋಯಿತು. ದೇಶದ ಹಾದಿಗಳಲ್ಲಿ ಎಲ್ಲೆಲ್ಲಿ ಇಂತಹ ಬಿರುಕುಗಳಿವೆಯೆಂಬುದು ಸರಿಯಾಗಿ ತಿಳಿಯದೆ ಸಾವಿರಕ್ಕಿಂತ ಹೆಚ್ಚು ಕಡೆ ವೇಗಕ್ಕೆ ಕಟ್ಟು ಹಾಕಿದರು. ತಿಂಗಳುಗಟ್ಟಲೆ ಗಾಡಿಗಳ ಓಡಾಟ ಅಸ್ತವ್ಯಸ್ತವಾಯಿತು. ರೈಲ್‌ಟ್ರಾಕ್ ಕಂಪೆನಿಯು ೨೦೦೧ರ ಅಕ್ಟೋಬರಿನಲ್ಲಿ ದಿವಾಳಿಯಂತಾಗಿ ಆಡಳಿತಗಾರರ ವಶವಾಯಿತು. ಮರುವರ್ಷ ನೆಟ್‌ವರ್ಕ್ ರೈಲ್ ಎಂಬ ಹೊಸ ಸಂಸ್ಥೆ ಅದರ ಸ್ಥಾನಕ್ಕೆ ಬಂದಿತು. ೨೦೦೫ರಲ್ಲಿ ಮೊಕದ್ದಮೆ ತೀರ್ಮಾನವಾದಾಗ ಹಾದಿಯ ಗುತ್ತಿಗೆದಾರರಾಗಿದ್ದ ಬಾಲ್ಫೋರ್ ಬೀಟಿ ಕಂಪೆನಿಗೆ ೧ ಕೋಟಿ ಪೌಂಡು ಜುಲ್ಮಾನೆಯಾಯಿತು. ಅಪೀಲಿನಲ್ಲಿ ಅದು ೭೫ ಲಕ್ಷಕ್ಕಿಳಿಯಿತು. ನೆಟ್‌ವರ್ಕ್ ರೈಲಿಗೆ ೩೫ ಲಕ್ಷ ಪೌಂಡು ಜುಲ್ಮಾನೆ. ನರಹತ್ಯೆಯ ಆಪಾದನೆಗೆ ಒಳಗಾಗಿದ್ದ ವ್ಯಕ್ತಿಗಳೆಲ್ಲರೂ ಬಿಡುಗಡೆ ಹೊಂದಿದರು. ೧೮೬೫ರಲ್ಲಿ ಮೇಸ್ತ್ರಿಯೊಬ್ಬನೇ ಸೆರೆಮನೆಗೆ ಹೋದನು. ೨೦೦೫ರಲ್ಲಿ ಯಾರೂ ಹೋಗಲಿಲ್ಲ. ಹೊಣೆಯು ಅಷ್ಟು ಕೈಗಳಲ್ಲಿ ಹಂಚಿಹೋಗಿತ್ತು.

ಆ ವಿಚಾರಣೆ ನಡೆಯುತ್ತಿರುವಾಗಲೇ, ಅದೇ ಹಾದಿಯಲ್ಲಿ, ಹ್ಯಾಟ್‌ಫೀಲ್ಡಿಗೆ ಕೆಲವೇ ಮೈಲಿ ದೂರದ ಪಾಟರ್ಸ್ ಬಾರ್ ಸ್ಟೇಷನ್ನಿನ ಬಳಿ ೨೦೦೨ರ ಮೇ ೧೦ರಂದು ಮತ್ತೊಂದು ಗಾಡಿ ಹಾದಿ ತಪ್ಪಿತು. ಕಡೆಯ ಬಂಡಿಯು ಹಾರಿ ಪ್ಲಾಟ್‌ಫಾರಮಿನ ಮೇಲೆ ಅಡ್ಡಬಿದ್ದಿತು. ೭ ಮಂದಿ ಸತ್ತರು. ಅವರಲ್ಲೊಬ್ಬರು ಗಾಡಿಯಲ್ಲಿದ್ದವರಲ್ಲ, ಸೇತುವೆಯ ಕೆಳಗೆ ಬೀದಿಯಲ್ಲಿ ನಡೆದು ಹೋಗುತ್ತಿದ್ದವರು. ಪಾಯಿಂಟ್ಸಿನ ಅಡ್ಡಸರಳುಗಳನ್ನು ಹಿಡಿದಿರಬೇಕಾದ ನಟ್ಟುಗಳು ಕಳಚಿಹೋಗಿದ್ದುವು. ಹಾದಿಯನ್ನು ನೋಡಿಕೊಳ್ಳುತ್ತಿದ್ದ ಕಂಪೆನಿಯು ಇದು ಯಾರೋ ದುಷ್ಟರು ಮಾಡಿದ ಕೃತ್ಯವಿರಬಹುದೆಂದು ಮೊದಲು ಹೇಳಿತು. ಅದಕ್ಕೆ ಆಧಾರ ದೊರೆಯಲಿಲ್ಲ. ಇದಕ್ಕಿಂತ ಮನಸ್ಸನ್ನು ನೋಯಿಸುವ ಸಂಗತಿ ಇನ್ನೊಂದಿದೆ. ಹಿಂದಿನ ಸಂಜೆಯೇ, ಪ್ರಯಾಣಿಕನಾಗಿ ಹೋಗುತ್ತಿದ್ದ ರೈಲ್ವೆ ನೌಕರನೊಬ್ಬನು ಅಲ್ಲಿ ಗಾಡಿ ಕುಲುಕುವುದೆಂದು ತಿಳಿಸಿದ್ದನು. ನೋಡಲು ಆಳುಗಳೂ ಹೋದರು. ಆದರೆ ಅವರನ್ನು ಕಳುಹಿಸಿದುದು ಬೇರೆ ಸ್ಥಳಕ್ಕೆ. ಅಲ್ಲಿ ಅವರಿಗೆ ಏನೂ ಕಾಣಲಿಲ್ಲ.

೬

ಗುತ್ತಿಗೆಯ ಪದ್ಧತಿಯೇ ಕೇಡಿಗೆ ಕಾರಣವೆಂದು ಎಲ್ಲರೂ ಅಂದರು. ನೆಟ್‌ವರ್ಕ್ ರೈಲ್ ಸಂಸ್ಥೆಯು ೨೦೦೩ರಲ್ಲಿ ಹಾದಿಯ ರಕ್ಷಣೆಯನ್ನು ಗುತ್ತಿಗೆದಾರರಿಂದ ಬಿಡಿಸಿ ತಾನೇ ವಹಿಸಿಕೊಳ್ಳಲು ನಿಶ್ಚಯಿಸಿತು. ಇಲ್ಲಿಗೆ ಈ ಕಥೆ ಮುಗಿದಿದ್ದರೆ ನೀತಿಯನ್ನು ಹೇಳುವುದು ಸುಲಭವಾಗುತ್ತಿತ್ತು. ಆದರೆ ಚರಿತ್ರೆಯು ನಮ್ಮ ಅನುಕೂಲವನ್ನು ನೋಡಿ ನಡೆಯುವುದಿಲ್ಲ.

೨೦೦೭ರ ಫೆಬ್ರವರಿ ೨೩ರ ರಾತ್ರಿ ಲಂಡನ್ನಿನಿಂದ ಗ್ಲಾಸ್ಗೋ ನಗರಕ್ಕೆ ಹೋಗುತ್ತಿದ್ದ ಗಾಡಿಯು ಕಂಬ್ರಿಯಾ ಸೀಮೆಯ ಗ್ರೇರಿಗ್ ಎಂಬಲ್ಲಿ ದಿಬ್ಬದಿಂದ ಕೆಳಕ್ಕುರುಳಿತು. ವೃದ್ಧೆಯೊಬ್ಬರು ಸತ್ತರು; ಹಲವರಿಗೆ ಗಾಯಗಳಾದುವು. ಕಾರಣ ಮತ್ತೆ ಅದೇ: ಪಾಯಿಂಟ್ಸಿನ ಅಡ್ಡಸರಳುಗಳ ಬೋಲ್ಟುಗಳು ಸಡಿಲವಾಗಿ, ಸರಳುಗಳು ಮುರಿದು, ನಾಲಗೆಗಂಬಿಗೆ ಹಿಡಿತವಿರಲಿಲ್ಲ. ಐದು ದಿನ ಮೊದಲು, ಫೆಬ್ರವರಿ ೧೮ರ ಭಾನುವಾರ, ಆ ಜಾಗವನ್ನು ನಡೆದು ನೋಡಬೇಕಾಗಿತ್ತು. ಆ ದಿನ ತನಿಖೆಗೆ ಹೋದ ಅಧಿಕಾರಿಯು ತನ್ನ ಕೆಲಸದ ಜೊತೆಗೆ ಈ ಪರೀಕ್ಷೆಯನ್ನೂ ಮಾಡುವೆನೆಂದು ಒಪ್ಪಿಕೊಂಡಿದ್ದನು. ಆದರೆ ಆ ಪಾಯಿಂಟ್ಸಿನವರೆಗೆ ಹೋಗದೆ ಹಿಂದಿರುಗಿದನು. ಹಾದಿಯ ಒಡೆಯನೂ ಅದನ್ನು ಕಾಯುವವನೂ ಆಗ ಒಂದೇ ಸಂಸ್ಥೆ. ೨೦೧೨ರಲ್ಲಿ ಅದಕ್ಕೆ ೪೦ ಲಕ್ಷ ಪೌಂಡು ಜುಲ್ಮಾನೆಯಾಯಿತು.

ಫ್ರಾನ್ಸಿನಲ್ಲಿಯೂ ಇದೇ ಕಥೆ. ೨೦೧೩ರ ಜುಲೈ ೧೨ರಂದು ಪ್ಯಾರಿಸಿನ ದಕ್ಷಿಣಕ್ಕಿರುವ ಬ್ರೆಟಿನ್ಯಿ ಸ್ಟೇಷನ್ನಿನಲ್ಲಿ, ಫಿಷ್‌ಪ್ಲೇಟೊಂದರ ಬೋಲ್ಟುಗಳು ಹೋಗಿ, ಆ ಪಟ್ಟಿಯು ತಿರುಗಿ ಹಾದಿಗಳು ಕೂಡುವೆಡೆಯ ಸಂದಿನಲ್ಲಿ ಸಿಕ್ಕಿಕೊಂಡು, ಗಾಡಿ ಉರುಳಿ ೭ ಮಂದಿ ಸತ್ತರು. ಆ ಸ್ಥಳದ ಪರೀಕ್ಷೆ ನಡೆದು ಎಂಟೇ ದಿನವಾಗಿತ್ತು. ೨೦೨೨ರಲ್ಲಿ ಅಲ್ಲಿಯ ರೈಲ್ವೆ ಸಂಸ್ಥೆಗೆ ೩ ಲಕ್ಷ ಯೂರೋ ಜುಲ್ಮಾನೆ ವಿಧಿಸಿದರು.

ಖಾಸಗಿ ಕಂಪೆನಿಯ ಕಾಲದಲ್ಲಿ ಸೆವೆನೋಕ್ಸ್, ಸರಕಾರದ ಆಡಳಿತದಲ್ಲಿ ಹಿದರ್ ಗ್ರೀನ್, ಗುತ್ತಿಗೆಯ ಕಾಲದಲ್ಲಿ ಹ್ಯಾಟ್‌ಫೀಲ್ಡ್, ಗುತ್ತಿಗೆ ಹೋದ ಮೇಲೆ ಗ್ರೇರಿಗ್. ಒಡೆತನದ ರೀತಿ ಅಪ್ರಧಾನವೆಂದು ನಾವು ಹೇಳುವುದಿಲ್ಲ. ಹೊಣೆ ಹಂಚಿಹೋದಷ್ಟೂ ಕೇಡು ಹೆಚ್ಚೆಂಬುದನ್ನು ಹ್ಯಾಟ್‌ಫೀಲ್ಡು ತೋರಿಸಿದೆ. ಆದರೆ ಒಡೆಯನನ್ನು ಬದಲಾಯಿಸಿದ ಮಾತ್ರಕ್ಕೆ ನಟ್ಟು ಬಿಗಿಯಾಗುವುದಿಲ್ಲ.

೭

ಈಗ ನಮ್ಮ ದೇಶಕ್ಕೆ ಬರೋಣ. ಬೆಂಗಳೂರಿಗೆ ಜೋಲಾರಪೇಟೆಯಿಂದ ರೈಲು ಬಂದುದು ೧೮೬೪ರಲ್ಲಿ, ಎಂದರೆ ಸ್ಟೇಪಲ್‌ಹರ್ಸ್ಟಿನ ದುರಂತಕ್ಕೆ ಒಂದು ವರ್ಷ ಮೊದಲು. ಬೆಂಗಳೂರು–ಮೈಸೂರು ಹಾದಿ ೧೮೮೨ರಲ್ಲಿ ಪೂರ್ತಿಯಾಯಿತು. ಅಂದಿನಿಂದ ಕನ್ನಡ ನಾಡಿನ ಹಳ್ಳಿಗಳ ಪಕ್ಕದಲ್ಲಿ ಗ್ಯಾಂಗಿನವರೆಂಬ ಒಂದು ಜನಸಮುದಾಯವು ಬೆಳೆದುಬಂದಿದೆ. ಇವರಲ್ಲಿ ಕೀಮನ್ ಎಂಬವನು ಹೆಗಲ ಮೇಲೆ ಸುತ್ತಿಗೆ ಸ್ಪಾನರುಗಳನ್ನು ಹೊತ್ತು ತನ್ನ ಪಾಲಿನ ಹಾದಿಯನ್ನು ದಿನವೂ ನಡೆಯುತ್ತಾನೆ. ಸಡಿಲವಾದುದನ್ನು ಬಿಗಿಯುತ್ತಾನೆ, ಬಿದ್ದುದನ್ನು ಹೊಡೆದು ಕೂರಿಸುತ್ತಾನೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಾದಿಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಪಹರೆಯವರು ದೀಪ ಹಿಡಿದು, ಪಟಾಕಿಗಳನ್ನು ಜೊತೆಯಲ್ಲಿಟ್ಟುಕೊಂಡು, ಗುಡ್ಡ ಜರಿದಿದೆಯೋ ಬಂಡೆ ಬಿದ್ದಿದೆಯೋ ಎಂದು ನೋಡುತ್ತ ನಡೆಯುತ್ತಾರೆ. ಹೀಗೆ ಹಾದಿಯನ್ನು ಕಾಯುತ್ತಿರುವಾಗಲೇ ಗಾಡಿಗೆ ಸಿಕ್ಕಿ ಸತ್ತ ಗ್ಯಾಂಗಿನವರು ದೇಶದಲ್ಲಿ ಅನೇಕರು.

ಇಂತಹ ಜನರಿದ್ದೂ ನಮ್ಮಲ್ಲಿ ಕೆಲಸ ಕೆಟ್ಟುದುಂಟು. ೨೦೧೭ರ ಆಗಸ್ಟ್ ೧೯ರ ಸಂಜೆ ಪುರಿಯಿಂದ ಹರಿದ್ವಾರಕ್ಕೆ ಹೋಗುವ ಉತ್ಕಲ ಎಕ್ಸ್‌ಪ್ರೆಸ್ ಗಾಡಿಯು ಉತ್ತರ ಪ್ರದೇಶದ ಮುಜಫರನಗರ ಜಿಲ್ಲೆಯ ಖತೌಲಿಯಲ್ಲಿ ಹಾದಿ ತಪ್ಪಿ, ಬಂಡಿಗಳು ಒಂದರ ಮೇಲೊಂದು ಏರಿ, ಪಕ್ಕದ ಮನೆಗೂ ನುಗ್ಗಿದುವು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಹಾದಿಯ ದುರಸ್ತಿ ನಡೆಯುತ್ತಿತ್ತು. ಕಂಬಿಯನ್ನು ಬಿಚ್ಚುವಾಗ ಗಾಡಿಗಳನ್ನು ನಿಲ್ಲಿಸಿ ಕೊಡಬೇಕಾದ ಬಿಡುವಿಗೆ ಬ್ಲಾಕು ಎಂದು ಹೆಸರು. ಆ ಬ್ಲಾಕು ಇಲ್ಲದೆಯೇ ಕೆಲಸ ನಡೆದಿತ್ತು. ಚಾಲಕನಿಗೆ ನಿಧಾನವಾಗಿ ಹೋಗೆಂಬ ಎಚ್ಚರಿಕೆ ದೊರೆತಿರಲಿಲ್ಲ. ಗಾಡಿ ಪೂರ್ಣವೇ‍ಗದಲ್ಲಿ ಬಂದಿತು.

ವಾಚಕರು ಇದನ್ನು ಸ್ಟೇಪಲ್‌ಹರ್ಸ್ಟಿನೊಡನೆ ಹೋಲಿಸಿ ನೋಡಬೇಕು. ನಡುವೆ ೧೫೨ ವರ್ಷಗಳು ಕಳೆದಿವೆ. ತಂತಿಯ ಕಾಲ ಹೋಗಿ ದೂರವಾಣಿಯ ಕಾಲ ಬಂದು, ಅದೂ ಪ್ರತಿಯೊಬ್ಬನ ಜೇಬಿಗೆ ಸೇರಿದೆ. ಆದರೂ ಬಿಚ್ಚಿದ ಹಾದಿ, ತಿಳಿಯದೆ ಬಂದ ಗಾಡಿ, ಕೆಳಗಿನ ಕೆಲಸಗಾರನ ಮೇಲೆ ಬಿದ್ದ ಮೊದಲ ಕೋಪ ಮೂರೂ ಹಾಗೆಯೇ ಇವೆ. ಒಂದು ಭೇದ ಮಾತ್ರವುಂಟು. ಖತೌಲಿಯ ಮೇಲೆ ಹಾದಿಯ ನೌಕರರು ಹಲವರು ಕೆಲಸ ಕಳೆದುಕೊಂಡುದಲ್ಲದೆ, ರೈಲ್ವೆ ಬೋರ್ಡಿನ ಅಧ್ಯಕ್ಷರೂ ರಾಜೀನಾಮೆ ಕೊಟ್ಟರು. ಮಂತ್ರಿಗಳಾಗಿದ್ದ ಸುರೇಶ ಪ್ರಭು ಅವರೂ ರಾಜೀನಾಮೆ ಕೊಡಲು ಮುಂದೆ ಬಂದರು. ಹೊಣೆಯು ಮೇಲಕ್ಕೂ ಏರಬಹುದೆಂಬುದಕ್ಕೆ ಇದು ನಿದರ್ಶನ.

ಇದು ಎಲ್ಲಿಯೋ ಒಂದು ಕಡೆ ನಡೆದ ತಪ್ಪೆಂದು ಸುಮ್ಮನಿರುವಂತಿಲ್ಲ. ಭಾರತದ ಮಹಾಲೆಕ್ಕ ಪರಿಶೋಧಕರು ೨೦೧೭ರಿಂದ ೨೦೨೧ರವರೆಗಿನ ಹಾದಿ ತಪ್ಪಿದ ಪ್ರಕರಣಗಳ ೧,೧೨೯ ವಿಚಾರಣಾ ವರದಿಗಳನ್ನು ಪರಿಶೀಲಿಸಿ ೨೦೨೨ರಲ್ಲಿ ವರದಿ ಕೊಟ್ಟರು. ಅವರು ವಿಂಗಡಿಸಿದ ಕಾರಣಗಳಲ್ಲಿ ಮೊದಲನೆಯ ಸ್ಥಾನ ಹಾದಿಯ ರಕ್ಷಣೆಯ ಲೋಪಕ್ಕೇ ದೊರೆಯಿತು. ಅಂತಹ ಪ್ರಕರಣಗಳು ೧೭೧.

೮

ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈ ಚರಿತ್ರೆ ಏನು ಉತ್ತರ ಕೊಡುತ್ತದೆ?

ಕೈಯ ತಪ್ಪೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಬೆಂಜನು ಸಾಲನ್ನು ತಪ್ಪಾಗಿ ಓದಿದುದು ನಿಜ. ಗ್ರೇರಿಗ್ಗಿನಲ್ಲಿ ನಡೆಯಬೇಕಾದ ದೂರವನ್ನು ನಡೆಯದೆ ಹೋದುದು ನಿಜ. ನಟ್ಟನ್ನು ಅರ್ಧ ಬಿಗಿದು ಪೂರ್ತಿ ಬಿಗಿದೆನೆಂದು ಪುಸ್ತಕದಲ್ಲಿ ಬರೆಯುವವನು ತಾನು ಎಂದೂ ಕಾಣದ ಜನರ ಪ್ರಾಣವನ್ನು ಪಣವಾಗಿ ಒಡ್ಡುತ್ತಾನೆ. ಆದರೆ ಪ್ರತಿಯೊಂದು ಪ್ರಕರಣದಲ್ಲಿಯೂ ಆ ಕೈಯ ಹಿಂದೆ ಮತ್ತೊಂದು ಕೊರತೆ ಇದೆ. ಸ್ಟೇಪಲ್‌ಹರ್ಸ್ಟಿನಲ್ಲಿಯೂ ಖತೌಲಿಯಲ್ಲಿಯೂ ಹ್ಯಾಟ್‌ಫೀಲ್ಡಿನಲ್ಲಿಯೂ ಕೆಲಸಕ್ಕೆ ತಕ್ಕ ಬಿಡುವಿರಲಿಲ್ಲ. ಗಾಡಿ ಓಡಲೇಬೇಕೆಂಬ ಅವಸರವೇ ಯಜಮಾನನಾಗಿತ್ತು. ಹಿದರ್ ಗ್ರೀನಿನಲ್ಲಿ ಮೇಲಿನವರು ಏರಿಸಿದ ವೇಗಕ್ಕೆ ತಕ್ಕ ಹಾದಿಯಿರಲಿಲ್ಲ. ಪಾಟರ್ಸ್ ಬಾರಿನಲ್ಲಿ ಎಚ್ಚರಿಕೆ ಹೇಳಿದವನಿದ್ದನು. ಅವನ ಮಾತು ಸರಿಯಾದ ಸ್ಥಳಕ್ಕೆ ಮುಟ್ಟಲಿಲ್ಲ.

ಆದುದರಿಂದ ಒಳ್ಳೆಯ ಕೆಲಸವೆಂಬುದು ಕೆಲಸಗಾರನೊಬ್ಬನ ಗುಣವಲ್ಲ. ಅದು ಕೆಲಸ ಮಾಡುವವನೂ ಮಾಡಿಸುವವನೂ ಕೂಡಿ ಕಾಯಬೇಕಾದ ವ್ರತ. ಮಾಡುವವನು ಕಾಣದ ಬೋಲ್ಟನ್ನೂ ಕಾಣುವ ಬೋಲ್ಟಿನಂತೆಯೇ ಬಿಗಿಯಬೇಕು. ಮಾಡಿಸುವವನು ಅದಕ್ಕೆ ಬೇಕಾದ ಕಾಲವನ್ನು ಕೊಡಬೇಕು. ಒಬ್ಬನ ಕಣ್ಣು ತಪ್ಪಿದರೆ ಹಿಡಿಯುವ ಮತ್ತೊಂದು ಕಣ್ಣನ್ನಿಡಬೇಕು. ಹಾದಿ ನಡೆದು ಬಂದವನು "ಇಲ್ಲಿ ಏನೋ ಸರಿಯಿಲ್ಲ" ಎಂದಾಗ, ಗಾಡಿ ತಡವಾದೀತೆಂಬ ಚಿಂತೆಯನ್ನು ಬಿಟ್ಟು ಅವನ ಮಾತಿಗೆ ಕಿವಿಗೊಡಬೇಕು. ಇವುಗಳಲ್ಲಿ ಯಾವುದೂ ಹೊಸ ವಿದ್ಯೆಯಲ್ಲ. ೧೮೬೫ರಲ್ಲಿಯೂ ಮಾಡಬಹುದಾಗಿದ್ದ ಕೆಲಸಗಳೇ.

ನಾವು ಪ್ರಯಾಣಿಕರಾದವರಿಗೂ ಇದರಲ್ಲಿ ಒಂದು ಪಾಲುಂಟು. ಗಾಡಿಯು ಹೊಲದ ನಡುವೆ ನಿಧಾನವಾದಾಗ ಅಥವಾ ಕಾರಣ ತಿಳಿಯದೆ ಅರ್ಧ ಗಳಿಗೆ ನಿಂತಾಗ ನಾವು ಗಡಿಯಾರ ನೋಡಿ ಗೊಣಗುತ್ತೇವೆ. ಆಗ ಕಿಟಕಿಯಿಂದ ಹೊರಗೆ ನೋಡಿದರೆ, ಹಾದಿಯ ಪಕ್ಕಕ್ಕೆ ಸರಿದು, ಹಾರೆ ಗುದ್ದಲಿಗಳನ್ನು ಊರಿಕೊಂಡು, ಗಾಡಿ ದಾಟುವುದನ್ನೇ ಕಾಯುತ್ತ ನಿಂತಿರುವ ನಾಲ್ಕಾರು ಮಂದಿ ಕಾಣುತ್ತಾರೆ. ನಮಗೆ ತಡವಾದ ಆ ಹೊತ್ತಿನಲ್ಲಿ ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದಾರೆಂದು ತಿಳಿಯೋಣ.